ಚಹಾದ ಗುಳಿಗೆ

ಶ್ರೀರಾಮನಗರದ ಕಡೆ ನಾಟಿಯ ದಿನಗಳಲ್ಲಿ ಗದ್ದೆಗೆ ಹನ್ನೊಂದು ಗಂಟೆಗೆ ಚಹಾ ಬರುತ್ತದೆ. ಬೆಳಗಿನ ಆರಕ್ಕೆ ಕೆಸರಿಗಿಳಿದು ಬಗ್ಗಿದ ಹೆಂಗಸರು ಆಗಲೇ ಸೊಂಟ ಎತ್ತುವುದು. ಬೆರಳ ಸಂದಿಯೆಲ್ಲ ನೀರಿಗೆ ಕೊಳೆತು ಬೆಳ್ಳಗಾಗಿರುತ್ತದೆ. ಮೇಸ್ತ್ರಿ ದ್ಯಾವಪ್ಪ ಬದುವಿನ ಮೇಲೆ ಕೆಟಲ್ ಹಿಡಿದು ನಿಂತಿರುತ್ತಾನೆ. ಒಬ್ಬೊಬ್ಬರಿಗೆ ಒಂದು ಕಪ್ಪು ಚಹಾ, ಅದರ ಜೊತೆ ಒಂದು ಬಿಳಿ ಗುಳಿಗೆ. ಗುಳಿಗೆ ಬಾಯಿಗೆ ಎಸೆದು ಚಹಾ ಕುಡಿದರೆ ಮೂರು ನಾಲ್ಕು ತಾಸು ಸೊಂಟದ ನೆನಪಿರುವುದಿಲ್ಲ. ಸಂಜೆ ನಾಲ್ಕಕ್ಕೆ ಇನ್ನೊಂದು ಚಹಾ, ಇನ್ನೊಂದು ಗುಳಿಗೆ. ಹೊಲದ ಮಾಲೀಕನೇ ಅದನ್ನು ಡಬ್ಬಿಗಟ್ಟಲೆ ತರಿಸಿ ದ್ಯಾವಪ್ಪನ ಕೈಗೆ ಕೊಡುತ್ತಾನೆ. ಹೆಂಗಸರ ಮೇಲಿನ ಪ್ರೀತಿಗಲ್ಲ, ನಾಟಿ ಬೇಗ ಮುಗಿಯಲಿ ಅಂತ.

ನಮ್ಮ ಹೆಂಗಸರು ಅದಕ್ಕೆ ಔಷಧ ಅನ್ನುವುದಿಲ್ಲ. ಚಹಾದ ಗುಳಿಗಿ ಅನ್ನುತ್ತಾರೆ. ಚಹಾಪುಡಿ, ಸಕ್ಕರೆ, ಗುಳಿಗೆ, ಮೂರೂ ಅವರ ಲೆಕ್ಕಕ್ಕೆ ಒಂದೇ. ಔಷಧ ಅಂದರೆ ಡಾಕ್ಟರು ಚೀಟಿ ಬರೆದು ಕೊಡುವುದು. ನಮ್ಮವ್ವನೂ ಹಾಗೇ ನುಂಗಿ ನುಂಗಿ ನನ್ನನ್ನು ಹತ್ತನೇ ಇಯತ್ತೆಯವರೆಗೆ ಓದಿಸಿದಳು.

ನಾನು ಓಬಳೆಪ್ಪ. ಗಂಗಾವತಿಯಿಂದ ತುಸು ದೂರದ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಗುತ್ತಿಗೆ ನೌಕರಿ. ಗಾಜಿನ ನಳಿಕೆ ತೊಳೆಯುವುದು, ಕಸ ಗುಡಿಸುವುದು, ಸಾಹೇಬರಿಗೆ ಚಹಾ ತರುವುದು. ಹನ್ನೆರಡು ವರ್ಷ ತೊಳೆದು ತೊಳೆದು, ಯಾವ ಮಷಿನ್ ಏನು ಮಾಡುತ್ತದೆ ಅನ್ನುವುದು ಅಲ್ಲಿಯ ಹುಡುಗರಿಗಿಂತ ನನಗೇ ಹೆಚ್ಚು ಗೊತ್ತು. ಆದರೆ ನನ್ನನ್ನು ಯಾರು ಕೇಳುತ್ತಾರೆ?

ಒಂದು ದಿನ ಗೋವಿಂದರಾಜ ಸರ್ ಕೇಳಿದರು. ಅವರು ನಮ್ಮ ಕಾಲೇಜಿನ ದೊಡ್ಡ ಪ್ರೊಫೆಸರು. ರಕ್ತದ ಪ್ಲೇಟ್‌ಲೆಟ್ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಡೆಂಗಿ ಜ್ವರ ಬಂದಾಗ ಎಲ್ಲರ ಬಾಯಲ್ಲಿ ಬರುತ್ತದಲ್ಲ, ಅದೇ ಪ್ಲೇಟ್‌ಲೆಟ್. ಗಾಯವಾದಾಗ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಆದರೆ ಹೃದಯದ ನಾಳದಲ್ಲಿ ಅಂಟಿಕೊಂಡರೆ ಮನುಷ್ಯ ಸಾಯುತ್ತಾನೆ. ಅಂಟದಂತೆ ಮಾಡುವ ಒಂದು ನಾಟಿ ಗಿಡ ಸಿಕ್ಕರೆ ಕೊಂಡುಕೊಳ್ಳಲು ಹೈದರಾಬಾದಿನ ಕಂಪನಿಯೊಂದು ಕೈ ಚಾಚಿ ಕೂತಿತ್ತು.

"ನಿಮ್ಮ ಕಡಿ ಗಿಡಮೂಲಿಕಿ ಬಲ್ಲೋರು ಯಾರರ ಅದಾರೇನೋ, ಓಬಳೆಪ್ಪ?" ಅಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ಕುರ್ಚಿ ತೋರಿಸಿದ್ದರು. ಕೂತೆ. ಕೂತವನು ಬಾಯಿ ಬಿಟ್ಟೆ. ನಮ್ಮ ಚಿಗವ್ವನ ಹೆಸರು ಹೇಳಿಬಿಟ್ಟೆ.

ಹೊಳಿಯಮ್ಮ ನಮ್ಮವ್ವನ ತಂಗಿ. ಕನಕಗಿರಿ ಕಡೆಯವಳು. ನಾಟಿಗೆಂದು ಬಂದು ಶ್ರೀರಾಮನಗರದ ಕಾಲುವೆ ದಂಡೆಯಲ್ಲೇ ಗುಡಿಸಲು ಹಾಕಿ ಉಳಿದವಳು. ಊರ ಕಡೆಯ ಗುಡ್ಡದಲ್ಲಿ ಅವಳಿಗೆ ಒಂದು ಬಳ್ಳಿ ಗೊತ್ತು. ಅವಳವ್ವ ಅದಕ್ಕೆ ಕಲ್ಲಬಳ್ಳಿ ಅನ್ನುತ್ತಿದ್ದಳಂತೆ. ನೀರಲ್ಲಿ ನಿಂತು ನಿಂತು ಕಾಲು ಬಾತವರಿಗೆ, ಮೀನಖಂಡ ಕಲ್ಲಾಗಿ ರಕ್ತ ಕಟ್ಟಿದವರಿಗೆ ಅದರ ಎಲೆ ಕುದಿಸಿ ಮೂರು ದಿನ ಕುಡಿಸುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಅವಳದು ಒಂದೇ ಕಟ್ಟು, ಪಥ್ಯ ಇದ್ದಂತೆ. ಬಳ್ಳಿ ಕುಡಿದವರು ಆರು ದಿನ ಕಬ್ಬಿಣ ಮುಟ್ಟಬಾರದು. ಕುಡಗೋಲು, ಈಳಿಗೆ, ಸೂಜಿ, ಯಾವುದನ್ನೂ. ಬೇರೆ ಮದ್ದು ಹೊಟ್ಟೆಗೆ ಹೋಗಬಾರದು. ಮನೆಯಲ್ಲಿ ಸುಮ್ಮನೆ ಕೂತಿರಬೇಕು.

ಸರ್ ಕಾರಿನಲ್ಲಿ ಬಂದರು. ಗುಡಿಸಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಟ್‌ಬುಕ್ ತೆಗೆದರು.

"ಕಬ್ಬಿಣ ಯಾಕ ಮುಟ್ಟಬಾರದಮ್ಮ?"

"ನಮ್ಮವ್ವ ಹೇಳ್ಯಾಳ್ರಿ."

"ಯಾಕಂತ ಹೇಳಿಲ್ಲೇನು?"

"ಮುಟ್ಟಿದೋರು ಉಳಿದಿಲ್ಲಂತ ಹೇಳ್ಯಾಳ್ರಿ."

ಸರ್ ನಕ್ಕರು. ಎಲೆ ಎಷ್ಟು, ನೀರು ಎಷ್ಟು, ಎಷ್ಟು ದಿನ, ಎಲ್ಲ ಬರೆದುಕೊಂಡರು. ಕಬ್ಬಿಣದ ಮಾತು ಬರೆಯಲಿಲ್ಲ. ಬಗ್ಗಿ ನೋಡಿದೆ ನಾನು. ವಾಪಸು ಹೋಗುವಾಗ ಕಾರಿನಲ್ಲಿ ಕೇಳಿದ್ದಕ್ಕೆ, "ಮೂಢನಂಬಿಕೆ ಬರದು ಕಳಿಸಿದ್ರ ಜರ್ನಲ್‌ನೋರು ನನ್ನ ಮಾರಿಗಿ ಉಗುಳತಾರ" ಅಂದರು. ಕಾರಿನ ಡಿಕ್ಕಿಯಲ್ಲಿ ಎರಡು ಚೀಲ ಬಳ್ಳಿ ಇತ್ತು. ಚಿಗವ್ವನೇ ಗುಡ್ಡ ಹತ್ತಿ ಕಿತ್ತು ತಂದುಕೊಟ್ಟದ್ದು.

ಬಳ್ಳಿಯ ಸತ್ವ ತೆಗೆದು ಒಣಗಿಸಿ ಕ್ಯಾಪ್ಸೂಲ್ ಮಾಡಿದರು. ನುಂಗಲು ಮನುಷ್ಯರು ಬೇಕಲ್ಲ? ಚಿಗವ್ವನ ನಾಟಿ ಗುಂಪಿನ ಇಪ್ಪತ್ನಾಲ್ಕು ಹೆಂಗಸರನ್ನು ನಾನೇ ಎರಡು ಟಂಟಂ ಆಟೋದಲ್ಲಿ ತುಂಬಿಕೊಂಡು ಬಂದೆ. ಅವರಲ್ಲಿ ಚಿಗವ್ವನೂ ಇದ್ದಳು, ಅವಳ ಮಗಳು ಮೇಘಾನೂ ಇದ್ದಳು. ಉಚಿತ ಆರೋಗ್ಯ ತಪಾಸಣೆ ಅಂತ ಹೇಳು ಅಂದಿದ್ದರು, ಹಾಗೇ ಹೇಳಿದೆ. ರಕ್ತ ಕೊಟ್ಟವರಿಗೆ ತಲೆಗೊಂದು ಸ್ಟೀಲ್ ಡಬ್ಬಿ, ಒಂದು ಬಿಸ್ಕೀಟ್ ಪುಡಿಕೆ. ಹೆಂಗಸರ ರಕ್ತ ಏಸಿ ರೂಮಿನೊಳಗೆ ಹೋಯಿತು. ಹೆಂಗಸರು ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಕೂತು ಬಿಸ್ಕೀಟ್ ತಿಂದರು.

ಫಾರಂ ತುಂಬಿದವನು ನಾನು. ಅದರಲ್ಲಿ ಒಂಬತ್ತನೇ ಪ್ರಶ್ನೆ: ಬೇರೆ ಯಾವುದಾದರೂ ಔಷಧ ಸೇವಿಸುತ್ತಿದ್ದೀರಾ?

"ಯವ್ವಾ, ಏನರ ಔಷಧ ತಗೋತೀರೇನು?"

"ಇಲ್ಲೋ ಯಪ್ಪಾ. ನಮಗ್ಯಾವ ಔಷಧ?"

ಇಲ್ಲ, ಇಲ್ಲ, ಇಲ್ಲ ಅಂತ ಇಪ್ಪತ್ನಾಲ್ಕು ಸಲ ಬರೆದೆ. ಕೆಳಗೆ ಅವರ ಹೆಬ್ಬೆಟ್ಟು, ಅದರ ಪಕ್ಕ ನನ್ನ ಸಹಿ. ಅದು ಜೂನ್ ತಿಂಗಳು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ನಾಟಿ ಇರಲಿಲ್ಲ. ಅವತ್ತಿನ ಮಟ್ಟಿಗೆ ಆ 'ಇಲ್ಲ' ನಿಜವೇ ಆಗಿತ್ತು.

ಆಗಸ್ಟಿನಲ್ಲಿ ಕ್ಯಾಪ್ಸೂಲ್ ಕೊಟ್ಟೆವು. ಮೂರು ದಿನವಲ್ಲ, ಇಪ್ಪತ್ತೊಂದು ದಿನ. ಚಿಗವ್ವ ಡಬ್ಬಿ ಅಲ್ಲಾಡಿಸಿ ನೋಡಿದಳು.

"ಇದು ನಮ್ಮ ಬಳ್ಳಿನ ಹೌದಿಲ್ಲೋ?"

"ಹೌದು ಚಿಗವ್ವ."

"ಹಂಗಾರ ಇವ್ರು ಕಬ್ಬಿಣ ಮುಟ್ಟಬಾರದಲ್ಲೋ. ಇಪ್ಪತ್ತೊಂದು ದಿನ ಮನ್ಯಾಗ ಕುಂತ್ರ ಗದ್ದಿಗಿ ಯಾರು ಹೋಗತಾರ?"

ಸರ್‌ಗೆ ಹೇಳಿದೆ. "ಕ್ಯಾಪ್ಸೂಲ್‌ಗೆ ಆ ಕಟ್ಟಿಲ್ಲಂತ ಹೇಳಲೇ. ಇದು ಶುದ್ಧ ಮಾಡಿದ್ದು" ಅಂದರು. ಹಾಗೇ ಹೋಗಿ ಹೇಳಿದೆ. ಓದಿದ ಮನುಷ್ಯ ಹೇಳಿದ್ದಾನೆ ಅಂತ ಚಿಗವ್ವ ಸುಮ್ಮನಾದಳು. ಆಗ ನನ್ನ ನಾಲಿಗೆ ಬಿದ್ದುಹೋಗಿದ್ದರೆ ಚೆನ್ನಾಗಿತ್ತು.

ಇಪ್ಪತ್ತೊಂದು ದಿನ ಕಳೆದ ಮೇಲೆ ಮತ್ತೆ ರಕ್ತ ತೆಗೆದರು. ಒಂಬತ್ತನೇ ಪ್ರಶ್ನೆ ಮತ್ತೆ ಕೇಳಿದೆ, ಮತ್ತೆ ಅವರು ಇಲ್ಲ ಅಂದರು, ಮತ್ತೆ ನಾನು ಇಲ್ಲ ಅಂತ ಬರೆದೆ. ನಾಟಿ ಭರದಲ್ಲಿತ್ತು. ದಿನಕ್ಕೆ ಎರಡು ಸಲ ಚಹಾ, ಎರಡು ಗುಳಿಗೆ. ನನಗೂ ಹೊಳೆಯಲಿಲ್ಲ. ಅವ್ವನ ಬಾಯಿಗೆ ಬೀಳುವುದನ್ನು ಸಣ್ಣವನಿದ್ದಾಗಿನಿಂದ ನೋಡಿದವನಿಗೆ ಅದು ಔಷಧ ಅಂತ ಹೇಗೆ ಹೊಳೆಯಬೇಕು?

ಪರೀಕ್ಷೆಯ ಮಷಿನ್ ಸಾದಾ ಕೆಲಸ ಮಾಡುತ್ತದೆ. ರಕ್ತವನ್ನು ಗರಗರ ತಿರುಗಿಸಿ ಮೇಲಿನ ಹಳದಿ ನೀರು ತೆಗೆಯುತ್ತಾರೆ. ಪ್ಲೇಟ್‌ಲೆಟ್ ತುಂಬಿ ಅದು ಮಬ್ಬಾಗಿರುತ್ತದೆ. ಮಷಿನ್ನಿನಲ್ಲಿಟ್ಟು ಒಂದು ಹನಿ ರಾಸಾಯನಿಕ ಬಿಟ್ಟರೆ ಪ್ಲೇಟ್‌ಲೆಟ್ ಗಂಟುಗಟ್ಟಿ ನೀರು ತಿಳಿಯಾಗುತ್ತದೆ. ಬೆಳಕು ಹಾಯುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಜೂನಿನಲ್ಲಿ ಎಲ್ಲರ ಗೆರೆಯೂ ಏರಿತ್ತು. ಈಗ ಇಪ್ಪತ್ನಾಲ್ಕೂ ಗೆರೆ ನೆಲಕ್ಕೆ ಮಲಗಿದವು. ಸರ್ ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು.

ಹೋಲಿಸಿ ನೋಡಲೆಂದು ಕಾಲೇಜಿನ ನಾವು ಮೂವರು ಕೂಡ ಅದೇ ಕ್ಯಾಪ್ಸೂಲ್ ನುಂಗಿದ್ದೆವು. ನಾನು, ಕ್ಲಾರ್ಕ್ ಗುರುಬಸವ, ಲೈಬ್ರರಿಯ ರೂಪಾ ಮೇಡಮ್. ನಮ್ಮ ಗೆರೆ ಅರ್ಧದವರೆಗೆ ಏರಿ ನಿಂತಿತು. ಸರ್ ನಮ್ಮ ಮೂರು ಕಾಗದ ಹರಿದು ಬುಟ್ಟಿಗೆ ಹಾಕಿದರು. "ನೀವು ನೆಟ್ಟಗ ನುಂಗಿಲ್ಲ" ಅಂದರು. ಬುಟ್ಟಿ ಖಾಲಿ ಮಾಡುವವನು ನಾನೇ. ಯಾಕೋ ಆ ಕಾಗದ ಎಸೆಯಲು ಮನಸ್ಸು ಬರಲಿಲ್ಲ. ಎತ್ತಿಟ್ಟುಕೊಂಡೆ.

ಸೆಪ್ಟೆಂಬರಿನಲ್ಲಿ ಕಂಪನಿಯವರು ಬಂದರು, ಹಾರ ಬಿತ್ತು, ಪೇಪರಿನಲ್ಲಿ ಸರ್ ಫೋಟೋ ಬಂತು. ಒಂದೇ ಒಂದು ಕಡೆಯೂ ಹೊಳಿಯಮ್ಮನ ಹೆಸರಿರಲಿಲ್ಲ. ಇನ್ನೊಂದು ಸುತ್ತು ಪರೀಕ್ಷೆ ಬೇಕು ಅಂತ ಕಂಪನಿ ಹೇಳಿತು. ಅದೇ ಹೆಂಗಸರಿಗೆ ಮತ್ತೆ ಕ್ಯಾಪ್ಸೂಲ್ ಕೊಟ್ಟೆವು, ಈ ಸಲ ಎರಡರಷ್ಟು. ತಡವಾಗಿ ನೀರು ಸಿಕ್ಕ ಗದ್ದೆಗಳಲ್ಲಿ ಆಗಲೂ ನಾಟಿ ನಡೆದಿತ್ತು.

ಒಂಬತ್ತನೇ ದಿನ ಸಂಜೆ ಗದ್ದೆಯಿಂದ ಬರುವಾಗ ಮೇಘಾ ಎಮ್ಮೆಗೆಂದು ಬದುವಿನ ಹುಲ್ಲು ಕೊಯ್ಯುತ್ತಿದ್ದಳು. ಕುಡಗೋಲು ಜಾರಿ ಎಡಗೈ ಅಂಗೈಗೆ ಬಡಿಯಿತು. ಹುಲ್ಲು ಕೊಯ್ಯುವವರಿಗೆ ಗಾಯ ಹೊಸದಲ್ಲ. ಸೆರಗು ಹರಿದು ಕಟ್ಟಿದರೆ ನಿಲ್ಲಬೇಕಾದ ರಕ್ತ. ನಿಲ್ಲಲಿಲ್ಲ. ಸೆರಗು ತೊಯ್ದಿತು, ಟವೆಲ್ ತೊಯ್ದಿತು, ಟಂಟಂನ ಸೀಟು ತೊಯ್ದಿತು. ಸರ್ಕಾರಿ ದವಾಖಾನೆಯ ಬಾಗಿಲಿಗೆ ಬರುವಷ್ಟರಲ್ಲಿ ಹುಡುಗಿಯ ತುಟಿ ಬೆಳ್ಳಗಾಗಿತ್ತು. ಮನೆಯಲ್ಲಿ ಅವಳಿಗೆ ಎರಡು ವರ್ಷದ ಮಗು.

ಸುದ್ದಿ ಕೇಳಿ ನಾನೂ ದವಾಖಾನೆಗೆ ಓಡಿದೆ. ಡಾಕ್ಟರ್ ಶಾಂಭವಿ ಹೊಲಿಗೆ ಹಾಕಿದರು. ಹೊಲಿಗೆಯ ಸಂದಿಯಲ್ಲೂ ರಕ್ತ ಜಿನುಗಿತು. ಬೇರೆಯವರ ರಕ್ತ ಏರಿಸಿದರು. ಹೊರಗೆ ಬಂದು ನಮ್ಮನ್ನು ಗದರಿಸಿದರು.

"ಪ್ಲೇಟ್‌ಲೆಟ್ ಲೆಕ್ಕ ಸರಿ ಐತಿ, ಆದ್ರ ಒಂದೂ ಕೆಲಸ ಮಾಡವಲ್ಲದು. ಏನು ನುಂಗ್ಯಾಳ ಇಕಿ? ಖರೇ ಹೇಳ್ರಿ."

"ಕಾಲೇಜಿನ ಗುಳಿಗಿ ಅಷ್ಟರಿ," ಅಂದಳು ಚಿಗವ್ವ.

"ಅದನ್ನ ಬಿಟ್ಟು, ಮೈಕೈ ನೋವಿಗೆ ಏನರ ತಗೊಂಡಾಳೇನು?"

"ಇಲ್ರಿ. ಚಹಾದ ಗುಳಿಗಿ ಅಷ್ಟ."

ಚಿಗವ್ವ ಸೆರಗಿನ ಗಂಟು ಬಿಚ್ಚಿ ಒಂದು ಬಿಳಿ ಗುಳಿಗೆ ತೋರಿಸಿದಳು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಪ್ಲೇಟ್‌ಲೆಟ್ಟಿನ ಕೈಕಾಲು ಕಟ್ಟತೈತಿ. ಎಷ್ಟು ದಿನದಿಂದ?" ಅಂದರು. ಚಿಗವ್ವ ನಕ್ಕಂತೆ ಮಾಡಿದಳು. "ನಾಟಿ ಶುರು ಆದಾಗಿಂದ್ರಿ. ಎಲ್ಲಾರೂ ನುಂಗತೀವಿ."

ನಮ್ಮ ಮೂವರ ಗೆರೆ ಯಾಕೆ ಅರ್ಧ ಏರಿತು, ಹೆಂಗಸರ ಗೆರೆ ಯಾಕೆ ಮಲಗಿತು, ಎಲ್ಲ ಅರ್ಥವಾಯಿತು. ಬಳ್ಳಿ ಅರ್ಧ, ಗುಳಿಗೆ ಅರ್ಧ. ಎರಡೂ ಸೇರಿದ ಮೇಲೆ ಕಬ್ಬಿಣ. ಅಜ್ಜಿ ಹಾಕಿದ್ದ ಕಟ್ಟು ಮೂಢನಂಬಿಕೆಯಾಗಿರಲಿಲ್ಲ. ಅದನ್ನು ಬರೆಯದೆ ಬಿಟ್ಟವರು ಸರ್. ಗುಳಿಗೆಯನ್ನು ಬರೆಯದೆ ಬಿಟ್ಟವನು ನಾನು.

ಮೇಘಾ ಬದುಕಿದಳು. ಎಡಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ. ಸಸಿ ಹಿಡಿಯುವ ಕೈ ಅದು.

ಕ್ಯಾಪ್ಸೂಲಿನಲ್ಲಿ ಏನಿತ್ತು ಅಂತ ದವಾಖಾನೆಯಿಂದ ಕಾಲೇಜಿಗೆ ಪತ್ರ ಬಂತು. ಸರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಎಲ್ಲವನ್ನೂ ಹೇಳಿದೆ. ಚಹಾದ ಗುಳಿಗೆ, ಒಂಬತ್ತನೇ ಪ್ರಶ್ನೆ, ಅರ್ಧ ಏರಿದ ಗೆರೆ. ಕೇಳಿ ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಟೇಬಲ್ಲಿನಿಂದ ಒಂದು ಕಾಗದ ತೆಗೆದು ಮುಂದೆ ಇಟ್ಟರು. ಅದರಲ್ಲಿ ಹೀಗಿತ್ತು:

'ಹೊಳಿಯಮ್ಮ ಎಂಬ ನಾನು ನಾಟಿ ಔಷಧಿ ಕೊಡುವವಳಾಗಿದ್ದು, ಕಾಲೇಜಿಗೆ ತಿಳಿಸದೆ ನನ್ನ ಮಗಳಿಗೆ ಹಸಿ ಎಲೆಯ ಕಷಾಯವನ್ನು ಕುಡಿಸಿರುತ್ತೇನೆ. ಆಕೆಗೆ ಆದ ತೊಂದರೆಗೆ ನಾನೇ ಜವಾಬ್ದಾರಳು.'

"ಬುಧವಾರ ಇದರ ವಿಚಾರಣಿಗಿ ಕಮಿಟಿ ಬರತೈತಿ," ಅಂದರು. "ಅಷ್ಟರಾಗ ಇದಕ್ಕ ಆಕಿ ಹೆಬ್ಬಟ್ಟು ಹಾಕಿಸ್ಕೊಂಡು ಬಾ."

"ಇದು ಸುಳ್ಳಲ್ರಿ ಸರ. ಚಿಗವ್ವನ್ನ ಪೊಲೀಸ್ರು ಹಿಡಕೊಂಡು ಹೋಗತಾರ."

"ಹಾಕಿಸಲಿಲ್ಲಂದ್ರ ನಿನ್ನ ಹಿಡಕೊಂಡು ಹೋಗತಾರ. ಇಪ್ಪತ್ನಾಲ್ಕು ಫಾರಂನಾಗೂ 'ಇಲ್ಲ' ಅಂತ ಬರದು ಸಹಿ ಹೊಡದಾವ ಯಾರು? ನಾನೇನು?"

ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ, ಹೆದರಿದ್ದೆ. ಹೆಬ್ಬೆಟ್ಟು ಹಾಕಿಸಬೇಕು ಅಂತಲೇ ಶಾಯಿಯ ಪ್ಯಾಡು ಕೂಡ ತೆಗೆದುಕೊಂಡು ಹೋದೆ.

ಚಿಗವ್ವ ಮೇಘಾಳಿಗೆ ಅನ್ನ ಉಣ್ಣಿಸುತ್ತಿದ್ದಳು. ಪ್ಯಾಡು ನೋಡಿದಳು.

"ಓದು," ಅಂದಳು.

ಓದಿದೆ. ಮೇಘಾ ಕಟ್ಟು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. "ಯಣ್ಣಾ, ಇದನ್ನ ಓದಾಕ ನಿನಗ ಬಾಯರ ಹೆಂಗ ಬಂತು?" ಅಂದಳು.

ಚಿಗವ್ವ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂತಳು. "ನೀ ನಮ್ಮಕ್ಕನ ಮಗ ಆಗಿ ಬಂದಿಯೋ, ಆ ಭಾಡ್ಯಾನ ಜವಾನ ಆಗಿ ಬಂದಿಯೋ? ಮೊದ್ಲ ಅದನ್ನ ಹೇಳು."

ನನಗೆ ಅಳು ಬಂತು. ಹರಿದ ಮೂರು ಕಾಗದ ಜೇಬಿನಿಂದ ತೆಗೆದು ನೆಲದ ಮೇಲಿಟ್ಟೆ. ಯಾರ ಗೆರೆ ಎಲ್ಲಿಗೆ ಏರಿತು, ಯಾಕೆ ಏರಿತು, ಅವಳಿಗೆ ತಿಳಿಯುವಂತೆ ಬಿಡಿಸಿ ಹೇಳಿದೆ. ಒಂಬತ್ತನೇ ಪ್ರಶ್ನೆಯನ್ನೂ ಹೇಳಿದೆ.

"ಗುಳಿಗಿನೂ ಔಷಧ ಅಂತ ನಮಗ ಗೊತ್ತಿದ್ದಿಲ್ಲ," ಅಂದಳು ಚಿಗವ್ವ. "ನಮ್ಮ ತಪ್ಪು ನಾವು ಒಪ್ಪತೀವಿ. ಆದ್ರ ಓದಿದ ನಿಮ್ಮ ಸರಗ ಗೊತ್ತಿತ್ತಲ್ಲ? ನೆಟ್ಟಗ ಕೇಳಬೇಕಾಗಿತ್ತಿಲ್ಲೋ? ಗದ್ದಿಗಿ ಬಂದು ಒಂದು ದಿನ ನಿಂತಿದ್ರ ಅವನ ಕಣ್ಣಿಗೇ ಕಾಣತಿತ್ತು. ಬುಧವಾರ ಬರತೀನಿ ಅಂತ ಹೇಳು. ಹೆಬ್ಬಟ್ಟು ಅಲ್ಲೇ ಹಾಕತೀನಂತ ಹೇಳು."

ಬುಧವಾರ ಕಮಿಟಿಯ ಮೂವರು ಮೀಟಿಂಗ್ ಹಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಸರ್, ಮುಂದೆ ನಾಟಿಯ ಹೊತ್ತಿನಲ್ಲಿ ತುಂಬಿದ ಫಾರಂಗಳ ಕಟ್ಟು. ಚಿಗವ್ವ ಒಬ್ಬಳೇ ಬರುತ್ತಾಳೆ ಅಂದುಕೊಂಡಿದ್ದರು. ಹತ್ತೂವರೆಗೆ ಗೇಟಿನ ಮುಂದೆ ಎರಡು ಟಂಟಂ ನಿಂತವು. ಇಪ್ಪತ್ನಾಲ್ಕು ಹೆಂಗಸರೂ ಇಳಿದರು. ಅವತ್ತು ದ್ಯಾವಪ್ಪ ಕೆಟಲ್ ಹಿಡಿದು ನಿಲ್ಲುವ ಗದ್ದೆಗೆ ಯಾರೂ ಇಳಿದಿರಲಿಲ್ಲ. ಎಲ್ಲರ ಕೈಯಲ್ಲೂ ಕಾಲೇಜು ಕೊಟ್ಟ ಸ್ಟೀಲ್ ಡಬ್ಬಿ. ವಾಚ್‌ಮನ್ ಅಡ್ಡ ಬಂದ. ನಾನು ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ.

"ಇಷ್ಟು ಮಂದಿ ಯಾಕಮ್ಮ?" ಅಂದರು ಕಮಿಟಿಯ ಹಿರಿಯರು.

"ರಕ್ತ ಇಷ್ಟು ಮಂದಿದು ತಗೊಂಡೀರಲ್ರಿ," ಅಂದಳು ಚಿಗವ್ವ.

ಸರ್ ಎದ್ದು, ನಾನು ಹೆಬ್ಬೆಟ್ಟಿಲ್ಲದೆ ವಾಪಸು ಕೊಟ್ಟಿದ್ದ ಆ ಸುಳ್ಳು ಕಾಗದವನ್ನು ಅವಳ ಮುಂದೆ ಸರಿಸಿದರು. "ಇಲ್ಲಿ ಹೆಬ್ಬಟ್ಟು ಹಾಕು, ಎಲ್ಲಾ ಮುಗೀತೈತಿ."

ಚಿಗವ್ವ ಅದನ್ನು ಮುಟ್ಟಲಿಲ್ಲ. "ಬಳ್ಳಿ ನಿಮ್ದಾತು. ರಕ್ತ ನಿಮ್ದಾತು. ಪೇಪರಿನ್ಯಾಗಿನ ಫೋಟೋ ನಿಮ್ದಾತು. ತಪ್ಪೊಂದ ನಂದೇನ್ರಿ ಸರ?" ಅಂದಳು. ನನ್ನ ಕಡೆ ತಿರುಗಿದಳು. "ಓಬಳೆಪ್ಪಾ, ಒಂಬತ್ತನೇದು ಕೇಳು. ಈಗ ನೆಟ್ಟಗ ಕೇಳು."

ಫಾರಂಗಳ ಕಟ್ಟು ಎಳೆದುಕೊಂಡೆ. ಸರ್ ಕೈ ಅಡ್ಡ ತಂದರು, "ನೌಕರಿ ಹೋಗತೈತಲೇ" ಅಂದರು. ಹೋಗಲಿ ಅಂದೆ. ಪೆನ್ನು ತೆಗೆದು ಜೋರಾಗಿ ಕೇಳಿದೆ.

"ಗದ್ಯಾಗ ಚಹಾದ ಜೊತಿಗಿ ಗುಳಿಗಿ ನುಂಗತಿದ್ರೇನು?"

"ನಾ ಮುದುಕಮ್ಮ. ಹೌದು, ನುಂಗತಿದ್ದೆ. ದಿನಾ ಎರಡು." ಡಬ್ಬಿಯನ್ನು ಟೇಬಲ್ ಮೇಲೆ ಕುಕ್ಕಿದಳು.

"ನಾ ಲಲಿತಾ. ಹೌದು." ಇನ್ನೊಂದು ಡಬ್ಬಿ.

ಒಬ್ಬೊಬ್ಬಳೇ ಮುಂದೆ ಬಂದಳು. ನಾನು 'ಇಲ್ಲ' ಹೊಡೆದುಹಾಕಿ 'ಹೌದು' ಬರೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಫಾರಂನಲ್ಲಿ ಅವರಿಗೆ ಬರೀ ನಂಬರ್ ಇತ್ತು. ನಂಬರಿನ ಮೇಲೆ ಹೆಸರು ಬರೆದೆ. ಹತ್ತು, ಹದಿನೈದು, ಇಪ್ಪತ್ತು. ಡಬ್ಬಿಗಳು ಸಾಹೇಬರ ಫೈಲುಗಳನ್ನೆಲ್ಲ ಮುಚ್ಚಿದವು. ಕಮಿಟಿಯವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ಮೇಘಾ ಬಲಗೈಯಲ್ಲಿ ಡಬ್ಬಿ ಇಟ್ಟಳು. ಕಟ್ಟು ಹಾಕಿದ ಎಡಗೈಯನ್ನೂ ಟೇಬಲ್ ಮೇಲೆ ಇಟ್ಟಳು.

"ನಾ ಮೇಘಾ. ಹೌದು. ನಮ್ಮವ್ವ ನನಗ ಹಸಿ ಎಲಿ ಕುಡಿಸಿಲ್ಲ. ನೀವು ಕೊಟ್ಟಿದ್ದನ್ನ ನುಂಗೀನಿ. ಅದನ್ನೂ ಬರಿ, ಯಣ್ಣಾ."

ಬರೆದೆ.

"ಇದಕ್ಕೆಲ್ಲ ಕಿಮ್ಮತ್ತಿಲ್ರಿ," ಅಂದರು ಸರ್, ಕಮಿಟಿಯವರ ಕಡೆ ನೋಡುತ್ತ. "ಯಾರೋ ಹೇಳಿಕೊಟ್ಟು ಕರಕೊಂಡು ಬಂದಾರ. ನಾವು ವೈಜ್ಞಾನಿಕವಾಗಿ ಮಾತಾಡೋಣ." ಹಿರಿಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಮೊದಲು ಚಹಾ ತರಿಸ್ರಿ," ಅಂದರು.

ಹನ್ನೊಂದು ಗಂಟೆಯಾಗಿತ್ತು. ಚಹಾ ತರುವುದು ನನ್ನ ಕೆಲಸ. ತಂದೆ. ನಾಲ್ಕು ಪಿಂಗಾಣಿ ಕಪ್ಪು ನಾಲ್ವರ ಮುಂದೆ ಇಟ್ಟೆ.

ಚಿಗವ್ವ ತನ್ನ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಉಳಿದ ಕ್ಯಾಪ್ಸೂಲುಗಳಿದ್ದವು, ದ್ಯಾವಪ್ಪ ಕೊಟ್ಟ ಬಿಳಿ ಗುಳಿಗೆಗಳಿದ್ದವು. ಪ್ರತಿ ಕಪ್ಪಿನ ಪಕ್ಕಕ್ಕೆ ಒಂದು ಕ್ಯಾಪ್ಸೂಲ್, ಒಂದು ಗುಳಿಗೆ ಇಟ್ಟಳು. ಸರ್ ಮುಂದೆ ಎರಡೆರಡು ಇಟ್ಟಳು. ಆಮೇಲೆ ಸೊಂಟದಿಂದ ಮೇಘಾಳ ಕುಡಗೋಲು ತೆಗೆದು ಟೇಬಲ್ಲಿನ ನಡುವೆ ಮಲಗಿಸಿದಳು.

"ಚಹಾದ ಜೊತಿಗಿ ತಗೋರಿ," ಅಂದಳು. "ಔಷಧ ಅಲ್ರಿ ಅದು. ಇಪ್ಪತ್ತೊಂದು ದಿನ ತಗೋರಿ. ಆಮ್ಯಾಲೆ ಬರ್ರಿ, ಹುಲ್ಲು ಕೊಯ್ಯೂಣು."

ಯಾರೂ ಕಪ್ಪಿಗೆ ಕೈ ಹಾಕಲಿಲ್ಲ. ಸರ್ ಕುರ್ಚಿ ಸರಿಸಿ ಏಳಲು ನೋಡಿದರು. ಬಾಗಿಲ ತುಂಬ ಹೆಂಗಸರು ಕೂತಿದ್ದರು.

"ನೀವು ನುಂಗೂತನಕ ಕುಂದ್ರತೀವಿ," ಅಂದಳು ಮುದುಕಮ್ಮ, ಕಾಲು ಚಾಚಿಕೊಳ್ಳುತ್ತ.

ನಾನೂ ಅವರ ಜೊತೆ ನೆಲದ ಮೇಲೆ ಕೂತೆ. ಮೇಲೆ ಟೇಬಲ್ಲಿನಲ್ಲಿ ನಾಲ್ಕು ಕಪ್ಪು ಚಹಾ ಕೆನೆಗಟ್ಟಿತು.